ಸಂಜೆ ದೋಣಿಯ ಲಿಂಗಮ್ಮ

ಲಿಂಗಮ್ಮ ಸುಳ್ಳು ಹೇಳುತ್ತಿರಲಿಲ್ಲ. ಇದನ್ನು ಹೊಗಳಿಕೆ ಎಂದು ತಿಳಿಯಬೇಡಿ. ಸುಳ್ಳೇ ಹೇಳದವರ ಜೊತೆ ಒಂದೇ ಊರಲ್ಲಿ ಬಾಳುವುದು ಎಷ್ಟು ಕಷ್ಟ ಎಂಬುದು ಬಾಳಿದವರಿಗೆ ಮಾತ್ರ ಗೊತ್ತು. ಹೊಸಕೊಪ್ಪಲಿಗೆ ಹೆಣ್ಣು ನೋಡಲು ಬಂದ ಒಂದು ಮನೆಯವರು ದೋಣಿಯಲ್ಲಿ ಕೂತು, "ಹುಡುಗಿ ಮನೆ ಕಡೆಯೋರು ಹೆಂಗವ್ವ?" ಎಂದು ಬಾಯಿಮಾತಿಗೆ ಕೇಳಿದ್ದಕ್ಕೆ, "ಹುಡುಗಿ ಚಿನ್ನ, ಅವ್ರಪ್ಪ ಕುಡೀತಾನೆ" ಎಂದು ಹೇಳಿ ದಡಕ್ಕೆ ಇಳಿಸಿದವಳು ಅವಳು. ಆ ಸಂಬಂಧ ಕೂಡಲಿಲ್ಲ. ಹುಡುಗಿಯ ಅಪ್ಪ ಆಮೇಲೆ ಅವಳ ದೋಣಿ ಹತ್ತುವುದನ್ನೇ ಬಿಟ್ಟು ಸುತ್ತು ದಾರಿಯಲ್ಲಿ ನಡೆದು ಓಡಾಡಿದ. ಕುಡಿಯುವುದನ್ನು ಮಾತ್ರ ಬಿಡಲಿಲ್ಲ.

ಇಂಥ ಹೆಂಗಸಿಗೆ ದೇವರು ಗಂಟು ಹಾಕಿದ್ದು ಜವರಯ್ಯನನ್ನು. ಕುಶಾಲನಗರದಿಂದ ದುಬಾರೆ ಕಾಡಿನವರೆಗೆ ಅವನಷ್ಟು ದೊಡ್ಡ ಸುಳ್ಳುಗಾರ ಇನ್ನೊಬ್ಬನಿರಲಿಲ್ಲ. ಅವನು ಸಂಬಂಧದಲ್ಲಿ ಅವಳ ತಾಯಿಯ ತಮ್ಮ, ಸೋದರಮಾವ. ಮದುವೆಯಾದ ಮೇಲೂ ಅವಳು ಅವನನ್ನು 'ಮಾವ' ಎಂದೇ ಕರೆಯುತ್ತಿದ್ದಳು. ಅವನ ಅಪ್ಪ ಯಡತೊರೆ ಕಡೆಯಿಂದ ಬಂದು ಕಾವೇರಿ ದಡದಲ್ಲಿ ಒಂದಿಷ್ಟು ಹೊಲ ಮಾಡಿ, ಒಂದು ದೋಣಿ ಕಟ್ಟಿದವನು. ಹೊಲ ಇಬ್ಬರು ಅಣ್ಣಂದಿರಿಗೆ ಹೋಯಿತು. ದೋಣಿ ಜವರಯ್ಯನಿಗೆ ಬಂತು.

ನಾನು ಮಡಿಕೇರಿಯ ಅರ್ಚಕರ ಮನೆಯ ಮಗಳು, ವೇದಾವತಿ. ಕೊಡಗು ಆಗ ಒಂದು ಪುಟ್ಟ ರಾಜ್ಯ. ಮಡಿಕೇರಿಯಲ್ಲೇ ನಮ್ಮ ಅಸೆಂಬ್ಲಿ, ನಮ್ಮ ಮಂತ್ರಿಗಳು. ನನಗೆ ಟೀಚರ್ ಕೆಲಸ ಸಿಕ್ಕಿದ್ದು ಹೊಸಕೊಪ್ಪಲಿನ ಶಾಲೆಯಲ್ಲಿ, ಉಳಿಯಲು ಮನೆ ಸಿಕ್ಕಿದ್ದು ಅದೇ ದಡದಲ್ಲಿ ಹೊಳೆಯ ಮೇಲ್ಗಡೆ ಇರುವ ಅತ್ತಿಗುಂಡಿಯಲ್ಲಿ. ಎರಡು ಊರಿನ ನಡುವೆ ಹೊಳೆ ಆಳವಾಗಿ, ನಿಧಾನವಾಗಿ ಹರಿಯುತ್ತಿತ್ತು. ಈ ದಡ ಕೊಡಗು, ಆ ದಡ ಮೈಸೂರು ರಾಜ್ಯ. ಬೆಳಿಗ್ಗೆ ದೋಣಿ ನೀರಿನ ಜೊತೆ ಸರಾಗವಾಗಿ ಇಳಿಯುತ್ತಿತ್ತು. ಸಂಜೆ ಮಾತ್ರ ಹೊಸಕೊಪ್ಪಲಿನಿಂದ ಹೊರಟು, ನಡುವೆ ಮೈಸೂರು ದಡ ಮುಟ್ಟಿ, ಆನೆಬಂಡೆಯ ತಿರುವು ದಾಟಿ, ಮೇಲಕ್ಕೆ ಅತ್ತಿಗುಂಡಿಗೆ ಏರಬೇಕು. ಅದನ್ನೇ ಎಲ್ಲರೂ ಸಂಜೆ ದೋಣಿ ಎನ್ನುತ್ತಿದ್ದರು.

ಸಂಜೆ ದೋಣಿಗೆ ಒಂದು ಕಟ್ಟುಪಾಡಿತ್ತು. ಅದರ ಬಾಯಿ ಮುಚ್ಚಬಾರದು. ಇದೇನು ಶಾಸ್ತ್ರವಲ್ಲ, ಜೀವದ ಪ್ರಶ್ನೆ. ಆ ಜಾಗದಲ್ಲಿ ಹೊಳೆ ಪಡುವಣದಿಂದ ಬರುತ್ತದೆ. ಮುಳುಗುವ ಸೂರ್ಯ ನೇರವಾಗಿ ದೋಣಿಯವರ ಕಣ್ಣಿಗೆ ಹೊಡೆಯುತ್ತಾನೆ. ಮೇಲಿನ ಕಾಡಿನಿಂದ ಕಡಿದ ಬಿದಿರನ್ನು ತೆಪ್ಪವಾಗಿ ಕಟ್ಟಿ ಕೆಳಗೆ ತೇಲಿಬಿಡುವ ಕಾಲ ಅದು. ಬಿದಿರ ತೆಪ್ಪ ತಿರುವಿನಲ್ಲಿ ಬಂದರೆ ನಮಗೆ ಕಾಣುವುದಿಲ್ಲ, ಬಂದಮೇಲೆ ಅದನ್ನು ನಿಲ್ಲಿಸಲಾಗುವುದಿಲ್ಲ. ದೋಣಿಯಿಂದ ಮನುಷ್ಯರ ದನಿ ಕೇಳಿದರೆ ತೆಪ್ಪದವರು ಮೊದಲೇ ಆಚೆ ದಡಕ್ಕೆ ಸರಿದುಕೊಳ್ಳುತ್ತಾರೆ. ಹಾಗಾಗಿ ಜವರಯ್ಯನ ಅಪ್ಪ ಹೊರಟಲ್ಲಿಂದ ಮುಟ್ಟುವವರೆಗೂ ಜೋರಾಗಿ ಮಾತಾಡುತ್ತಿದ್ದನಂತೆ. ಮಗನೂ ಅದನ್ನೇ ಕಲಿತ. ದಿನಾ ಅಷ್ಟು ಹೊತ್ತು ಮಾತಾಡಬೇಕೆಂದರೆ ನಿಜ ಎಲ್ಲಿ ಸಾಲುತ್ತದೆ? ಜವರಯ್ಯ ಸುಳ್ಳಿಗೆ ಇಳಿದದ್ದು ಹಾಗೆ. ಇಳಿದ ಮೇಲೆ ಅಲ್ಲೇ ಮನೆ ಕಟ್ಟಿಕೊಂಡ.

ಅವನು ಮುಂದೆ ಹುಟ್ಟು ಹಿಡಿದು ಕೂತು ಒಂದೊಂದೇ ಜಾಗ ತೋರಿಸುತ್ತಾ ಹೇಳುತ್ತಿದ್ದ. ನಡುಹೊಳೆಯಲ್ಲಿ ಗಡಿ ಇದೆ, ಅದನ್ನು ದಾಟುವಾಗ ಮೀನುಗಳು ತಲೆ ಬಗ್ಗಿಸಿ ಮೈಸೂರು ಮಹಾರಾಜರಿಗೆ ಕೈ ಮುಗಿಯುತ್ತವೆ. ಇಗೋ ಇಲ್ಲಿ ಒಬ್ಬ ಬಿಳಿ ದೊರೆಯ ಟೋಪಿ ನೀರಿಗೆ ಬಿತ್ತು, ಅದು ಶ್ರೀರಂಗಪಟ್ಟಣದವರೆಗೆ ತೇಲಿ, ರಂಗನಾಥನ ದರ್ಶನ ಮಾಡಿ, ಅಂಚೆಯಲ್ಲಿ ವಾಪಸು ಬಂತು. ಆನೆಬಂಡೆ ಮೊದಲು ನಿಜವಾದ ಆನೆ, ನನ್ನಪ್ಪನ ಮಾತು ಕೇಳುತ್ತಾ ನಿಂತು ನಿಂತು ಕಲ್ಲಾಯಿತು. ಅವನ ಮಾತು ಕೇಳಲೆಂದೇ ಭಾನುವಾರ ಕುಶಾಲನಗರದಿಂದ ಆಫೀಸಿನವರು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬರುತ್ತಿದ್ದರು. ಎಲ್ಲಿಗೂ ಹೋಗುವುದಿಲ್ಲ, ಸುಮ್ಮನೆ ಸವಾರಿ. ಬಿಸಿಲು ಕೆಂಪಾಗುತ್ತಾ ನೀರಿನ ಮೇಲೆ ಹರಡುವುದನ್ನು ನೋಡುವುದು, ಜವರಯ್ಯನ ಬುರುಡೆ ಕೇಳುವುದು, ಅತ್ತಿಗುಂಡಿಯಲ್ಲಿ ಇಳಿದು ಎತ್ತಿನ ಗಾಡಿಯಲ್ಲಿ ವಾಪಸಾಗುವುದು.

ಲಿಂಗಮ್ಮ ಹಿಂದೆ ನಿಂತು ಬಿದಿರ ಗಳ ಹಾಕುತ್ತಿದ್ದಳು. ಒಂದು ಮಾತೂ ಆಡುತ್ತಿರಲಿಲ್ಲ. ಆದರೆ ಗಂಡ ಒಂದು ಸುಳ್ಳು ಹೇಳಿದಾಗಲೆಲ್ಲ ಗಳವನ್ನೆತ್ತಿ ದೋಣಿಯ ಹಲಗೆಗೆ ಒಮ್ಮೆ ಕುಟ್ಟುತ್ತಿದ್ದಳು. ಠಕ್. ಮೀನು ಕೈ ಮುಗಿಯಿತು, ಠಕ್. ಟೋಪಿ ದರ್ಶನ ಮಾಡಿತು, ಠಕ್. ಜನ ಬಿದ್ದು ಬಿದ್ದು ನಗುತ್ತಿದ್ದರು. ಜವರಯ್ಯನಿಗೆ ಅದು ತಾಳದ ಹಾಗೆ, ಇನ್ನೂ ಹುರುಪು ಏರುತ್ತಿತ್ತು. ಅವಳಿಗೆ ಮಾತ್ರ ಅದು ತಮಾಷೆಯಾಗಿರಲಿಲ್ಲ. ಮೈ ಉರಿದೇ ಕುಟ್ಟುತ್ತಿದ್ದಳು.

ಅವನ ಕತೆಗಳಲ್ಲೆಲ್ಲ ಹೆಸರಾದದ್ದು ಆನೆಬಂಡೆಯ ಹತ್ತಿರ ಹುಟ್ಟಿದ ಮಗುವಿನ ಕತೆ. ಮಖೆ ಮಳೆಯಲ್ಲಿ ಹೊಳೆ ತುಂಬಿ ಬಂದ ಒಂದು ದಿನ ಮೈಸೂರು ದಡದಲ್ಲಿ ಒಬ್ಬಳು ಬಸುರಿ ನೋವು ತಿನ್ನುತ್ತಿದ್ದಳಂತೆ. ಸೂಲಗಿತ್ತಿ ಇರುವುದು ಕೊಡಗಿನ ದಡದಲ್ಲಿ. ಕೆಳಗಿನ ಕಡವಿನ ದೋಣಿಯವನು ಮಲ್ಲ, ಈ ನೀರಿಗೆ ದೋಣಿ ಇಳಿಸುವುದಿಲ್ಲ ಎಂದ. ಜವರಯ್ಯ ಇಳಿಸಿದ. ಬಸುರಿಯನ್ನು ಕೂರಿಸಿಕೊಂಡು ಬರುವಾಗ ದೋಣಿ ಸೆಳವಿಗೆ ಸಿಕ್ಕಿ ಆನೆಬಂಡೆಗೆ ಅಂಟಿಕೊಂಡಿತು. ಇವನು ನೀರಿಗೆ ಹಾರಿ, ಬೆನ್ನನ್ನು ಬಂಡೆಗೆ ಕೊಟ್ಟು, ಹೆಗಲನ್ನು ದೋಣಿಗೆ ಕೊಟ್ಟು, ದಡದವರು ಹಗ್ಗ ಎಸೆಯುವವರೆಗೂ ನಿಂತ. ಅಷ್ಟರಲ್ಲಿ ದೋಣಿಯಲ್ಲೇ ಹೆರಿಗೆಯಾಯಿತು. ಮಗು ಕಣ್ಣು ಬಿಟ್ಟು, "ಇದು ಮೈಸೂರೋ ಕೊಡಗೋ?" ಎಂದು ಕೇಳಿತು. "ನಡುಹೊಳೆ ಕಣಪ್ಪ" ಅಂದ ಜವರಯ್ಯ. "ಹಂಗಾದ್ರೆ ದಡ ಸೇರಿದ್ ಮ್ಯಾಲೆ ಅಳ್ತೀನಿ" ಎಂದು ಮಗು ಬಾಯಿ ಮುಚ್ಚಿಕೊಂಡಿತು.

ಕೊಡಗನ್ನು ಮೈಸೂರಿಗೆ ಸೇರಿಸುತ್ತಾರೋ ಇಲ್ಲವೋ ಎಂದು ಹೋಟೆಲುಗಳಲ್ಲೆಲ್ಲ ಜಗಳ ನಡೆಯುತ್ತಿದ್ದ ವರ್ಷಗಳು ಅವು. ಮಗುವಿನ ಪ್ರಶ್ನೆ ಕೇಳಿ ಕುಶಾಲನಗರದವರು ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ಬಸುರಿ, ಬಂಡೆ, ಹೆಗಲು ಎಲ್ಲವನ್ನೂ ಆ ಒಂದು ಪ್ರಶ್ನೆಯ ಜೊತೆಗೇ ಸೇರಿಸಿ ನಕ್ಕುಬಿಡುತ್ತಿದ್ದರು.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಜವರಯ್ಯನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಬಾಯಿ ಒಂದು ಕಡೆಗೆ ಸೊಟ್ಟಗಾಯಿತು. ಮಾತು ನಿಂತಿತು. ಊರಿಗೆ ಊರೇ ಮರುಗಿತು, ನಾನೂ ಅತ್ತೆ. ಕುಶಾಲನಗರದ ಡಾಕ್ಟರು ಬಂದು ನೋಡಿ, ಕಾಲು ಬರುವುದು ಕಷ್ಟ, ಮಾತು ಬರಬಹುದು ಎಂದರು. ಆದರೆ ಅವನು ತಾನಾಗಿ ನಾಲಿಗೆ ಹೊರಳಿಸಬೇಕು, ಈ ಬೇಸಿಗೆಯೊಳಗೆ ಹೊರಳಿಸದಿದ್ದರೆ ಆಮೇಲೆ ಆಸೆ ಕಡಿಮೆ. ಜವರಯ್ಯನೋ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟ. ಗಂಜಿ ಕೊಟ್ಟರೆ ಎರಡು ಗುಟುಕು ಕುಡಿದು ತುಟಿ ಮುಚ್ಚುತ್ತಿದ್ದ. ಮಾತೇ ಬದುಕಾಗಿದ್ದವನಿಗೆ ಮಾತು ಹೋದ ಮೇಲೆ ಉಳಿದದ್ದು ಬೇಡವಾಗಿತ್ತು.

ಮಲ್ಲ ಬಂದು ಜಗಲಿಯ ಮೇಲೆ ಕೂತ. ಕೆಟ್ಟವನಲ್ಲ.

"ಅಕ್ಕ, ಸಂಜೆ ದೋಣಿ ನಾನು ನೋಡ್ಕತೀನಿ. ನೀನು ಅಣ್ಣನ್ನ ನೋಡ್ಕೊ. ಬಂದಿದ್ರಲ್ಲಿ ಪಾಲು ಕೊಡ್ತೀನಿ."

"ನಿನ್ನ ದೋಣೀಲಿ ಮಾವನಿಗೆ ಜಾಗ ಐತಾ?" ಎಂದು ಲಿಂಗಮ್ಮ ಕೇಳಿದಳು.

"ಅಣ್ಣ ಯಾಕಕ್ಕ ದೋಣೀಗೆ? ಮಲಗ್ಲಿ ಬುಡು."

"ಮಲಗಿದ್ರೆ ಸಾಯ್ತಾನೆ. ಮಾತಾಡೋ ದೋಣೀಲಿ ಕೂತ್ರೆ ಮಾತಾಡ್ತಾನೆ. ನಾನು ಆಡಿಸ್ತೀನಿ. ನೀನು ಕಾಫಿ ಕುಡ್ಕೊಂಡು ಹೊಂಡು."

ಅವಳು ಒಂದು ಸಲ ಹೇಳಿದರೆ ಮುಗಿಯಿತು. ಮರುದಿನವೇ ಜವರಯ್ಯನನ್ನು ಕಂಬಳಿಯಲ್ಲಿ ಸುತ್ತಿ, ಬೆನ್ನ ಮೇಲೆ ಹೊತ್ತು ತಂದು, ದೋಣಿಯ ಮುಂದೆ ಅವನ ಹಳೆಯ ಜಾಗದಲ್ಲೇ ಒರಗಿಸಿ ಕೂರಿಸಿದಳು. ದೋಣಿಯಲ್ಲಿ ಯಾರೂ ಸುಮ್ಮನೆ ಕೂರಬಾರದು ಎಂದು ಅವನ ಎಡಗೈಗೆ ನೀರು ಮೊಗೆಯುವ ತೆಂಗಿನ ಚಿಪ್ಪನ್ನು ಕೊಟ್ಟಳು. ಅವನು ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕಣ್ಣು ಮುಚ್ಚಿದ.

ಈಗ ಮಾತಾಡಬೇಕಾದವಳು ಲಿಂಗಮ್ಮ. ಆ ಮೊದಲ ಸಂಜೆಯ ಮಾತನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ದಡ ಬಿಟ್ಟು ಸ್ವಲ್ಪ ಹೊತ್ತಿನ ಮೇಲೆ ಗಂಟಲು ಸರಿಮಾಡಿಕೊಂಡು, ಜಗಳಕ್ಕೆ ನಿಂತವಳ ದನಿಯಲ್ಲಿ ಶುರುಮಾಡಿದಳು.

"ಅದು ಮತ್ತಿ ಮರ. ಅದ್ರ ಪಕ್ಕ ಇನ್ನೊಂದು ಮತ್ತಿ ಮರ. ಇದು ನೀರು. ಇಲ್ಲಿ ಆಳ. ಅಲ್ಲಿ ಆಳ ಇಲ್ಲ."

ಆನೆಬಂಡೆ ಬಂತು.

"ಇದು ಬಂಡೆ. ಮೊದ್ಲಿಂದ್ಲೂ ಬಂಡೇನೆ."

ನಮ್ಮ ಜೊತೆ ನಾಣಯ್ಯ ಎಂಬ ನಿವೃತ್ತ ಮಿಲಿಟರಿಯವರು ಇದ್ದರು. ಅತ್ತಿಗುಂಡಿಯ ಮೇಲೆ ಅವರ ಕಾಫಿ ತೋಟ. ಸಂಜೆ ದೋಣಿ ತಪ್ಪಿಸುತ್ತಿರಲಿಲ್ಲ. ಅವರು ಮೀಸೆಯ ಮೇಲೆ ಕೈಯಾಡಿಸುತ್ತಾ, "ಇದೆಂಥ ಕತೆ ಮಾರಾಯ್ತಿ! ಡ್ರಿಲ್ ಮಾಡಿಸಿದ ಹಾಗೆ ಉಂಟಲ್ಲ!" ಎಂದರು.

"ಕತೆ ಅಲ್ಲ ನಾಣಯ್ಯನೋರೆ, ನಿಜ" ಎಂದಳು ಲಿಂಗಮ್ಮ.

ಮುಂದಿನ ಭಾನುವಾರ ಕುಶಾಲನಗರದಿಂದ ಬಂದವರು ಒಮ್ಮೆ ಕೇಳಿದರು, ಮತ್ತೆ ಬರಲಿಲ್ಲ. ಒಬ್ಬ ಗುಮಾಸ್ತರ ಹೆಂಡತಿಯಂತೂ, ಇದಕ್ಕಿಂತ ನಮ್ಮ ಮನೆಯವರ ಮಾತೇ ವಾಸಿ ಎಂದು ನನ್ನ ಕಿವಿಯಲ್ಲಿ ಹೇಳಿ ಇಳಿದರು. ಲಿಂಗಮ್ಮನಿಗೆ ಅದೂ ತಟ್ಟಲಿಲ್ಲ. ಅವಳು ಜನರಿಗಾಗಿ ಮಾತಾಡುತ್ತಿರಲಿಲ್ಲ. ದೋಣಿಯ ಮುಂದೆ ಕೂತ ಒಬ್ಬನಿಗಾಗಿ ಮಾತಾಡುತ್ತಿದ್ದಳು.

ಅವಳ ಲೆಕ್ಕಾಚಾರ ನನಗೆ ಬರಬರುತ್ತಾ ಅರ್ಥವಾಯಿತು. ಜವರಯ್ಯನಿಗೆ ತನ್ನ ಕತೆಯನ್ನು ಬೇರೆಯವರು ಹೇಳಿದರೆ ಆಗುತ್ತಿರಲಿಲ್ಲ. ಯಾರಾದರೂ ಬಾಯಿ ಹಾಕಿದರೆ, "ತಡಿ, ನಾನ್ ಹೇಳ್ತೀನಿ" ಎಂದು ಮೇಲೆ ಬೀಳುತ್ತಿದ್ದ. ಆ ಚಟವನ್ನೇ ಕೆರಳಿಸಬೇಕೆಂದು ಅವಳು ಅವನ ಒಂದೊಂದೇ ಕತೆಯನ್ನು ಎತ್ತಿಕೊಂಡು, ಅದರ ಸುಳ್ಳನ್ನೆಲ್ಲ ಕಿತ್ತೆಸೆದು ಹೇಳತೊಡಗಿದಳು.

"ದೊರೆ ಟೋಪಿ ಬಿತ್ತು. ಮುಳುಗ್ತು. ಅಷ್ಟೆ. ಶ್ರೀರಂಗಪಟ್ಣಕ್ಕೂ ಹೋಗ್ಲಿಲ್ಲ, ಎಲ್ಲಿಗೂ ಹೋಗ್ಲಿಲ್ಲ. ಅಲ್ವಾ ಮಾವ?"

ಜವರಯ್ಯ ಕಣ್ಣು ತೆರೆಯುತ್ತಿರಲಿಲ್ಲ.

"ಮೀನು ಕೈ ಮುಗಿಯಾಕೆ ಅದಕ್ಕೆ ಕೈ ಎಲ್ಲೈತೆ? ಮಾವ, ಕೇಳಿಸ್ತಾ?"

ಕೇಳಿಸುತ್ತಿತ್ತು. ಅವನ ರೆಪ್ಪೆ ಅಲುಗುತ್ತಿತ್ತು, ಅಷ್ಟೇ. ಚಳಿಗಾಲವೆಲ್ಲ ಹೀಗೇ ನಡೆಯಿತು. ಕಾಫಿ ಹಣ್ಣು ಕೊಯ್ಯುವ ಕೆಲಸ ಶುರುವಾಗಿ ಮುಗಿಯಿತು. ಹೊಳೆ ಇಳಿದು ದಡದಲ್ಲಿ ಮರಳು ಕಾಣಿಸಿತು. ಜಗಲಿಗಳ ಮೇಲೆ ಜನ ಆಡಿಕೊಂಡರು. ರೋಗಿಯನ್ನು ದಿನಾ ಹೊತ್ತು ತಿರುಗಿಸುತ್ತಾಳೆ, ಸಾಯಲೂ ಬಿಡುವುದಿಲ್ಲ, ಇವಳೆಂಥ ಹೆಂಡತಿ ಎಂದರು. ಹಾಗೆ ಅಂದವರಲ್ಲಿ ಒಬ್ಬರೂ ಒಂದು ದಿನ ಅವಳ ಬೆನ್ನ ಭಾರಕ್ಕೆ ಕೈ ಕೊಟ್ಟವರಲ್ಲ. ನನಗೆ ಅವರ ಮೇಲೆ ಈಗಲೂ ಸಿಟ್ಟಿದೆ.

ಒಂದು ಸಂಜೆ ತಿರುವಿನ ಹತ್ತಿರ ಲಿಂಗಮ್ಮನ ಮಾತು ನಿಂತಿತು. ಹೇಳಬೇಕಾದದ್ದೆಲ್ಲ ಹೇಳಿ ಹೇಳಿ ಅವಳು ದಣಿದಿದ್ದಳು. ಗಳ ಹಾಕುತ್ತಾ ಗಂಡನ ಬೋಳು ತಲೆಯನ್ನೇ ನೋಡುತ್ತಿದ್ದಳು. ನಾವೂ ನಮ್ಮ ನಮ್ಮ ಯೋಚನೆಯಲ್ಲಿದ್ದೆವು. ಸೂರ್ಯ ನೀರಿಗೆ ತಾಗುವಷ್ಟು ಕೆಳಗಿದ್ದ, ಎದುರಿಗೆ ಬರೀ ಬೆಳಕು. ಆ ಬೆಳಕಿನೊಳಗಿಂದ ಬಿದಿರ ತೆಪ್ಪವೊಂದು ನಮ್ಮ ಮೇಲೇ ಬರುತ್ತಿದ್ದುದನ್ನು ಮೊದಲು ಕಂಡವನು ಜವರಯ್ಯ. ಅವನ ಬಾಯಿ ಅಗಲವಾಗಿ ತೆರೆದದ್ದನ್ನು ನಾನು ನೋಡಿದೆ. ಕತ್ತಿನ ನರ ಉಬ್ಬಿತು. ಸದ್ದು ಹೊರಡಲಿಲ್ಲ.

ತೆಪ್ಪದವರೇ ಕೂಗಿಕೊಂಡರು. ಲಿಂಗಮ್ಮ ಮೈಯೆಲ್ಲ ಭಾರ ಹಾಕಿ ಗಳ ಒತ್ತಿದಳು. ಬಿದಿರ ತುದಿಗಳು ದೋಣಿಯ ಪಕ್ಕವನ್ನು ಗೀರಿಕೊಂಡು ಹೋದವು. ಯಾರಿಗೂ ಏನೂ ಆಗಲಿಲ್ಲ. ಜವರಯ್ಯನ ಕಣ್ಣಿಂದ ನೀರು ಸುರಿಯುತ್ತಿತ್ತು. ತನ್ನಪ್ಪನ ದೋಣಿ, ತನ್ನ ಕಣ್ಣೆದುರೇ, ತಾನು ಒಂದು ಕೂಗು ಹಾಕಲಾಗದೆ ಒಡೆಯುವುದರಲ್ಲಿತ್ತು. ಆ ಸಂಕಟ ನೋಡಲಾಗದೆ ನಾನು ಮುಖ ತಿರುಗಿಸಿದೆ.

ಮರುದಿನ ಅವನು ದೋಣಿಗೆ ಬರಲು ಒಪ್ಪಲಿಲ್ಲ. ಅವಳು ಬೆನ್ನು ಕೊಟ್ಟರೆ ಎಡಗೈಯಿಂದ ಕಂಬ ಹಿಡಿದುಕೊಂಡನಂತೆ. ಆ ಸಂಜೆ ದೋಣಿ ಹೊರಡಲಿಲ್ಲ. ನಾನು ಶಾಲೆಯಿಂದ ದಡದ ದಾರಿಯಲ್ಲೇ ನಡೆದು ಅತ್ತಿಗುಂಡಿಯ ಅವರ ಮನೆಗೆ ಹೋದೆ. ಲಿಂಗಮ್ಮ ಹಿತ್ತಲಲ್ಲಿ ಕೂತು ದೋಣಿಯ ಗೀರಿಗೆ ಹಚ್ಚಲು ಮರದ ಅಂಟು ಕಾಯಿಸುತ್ತಿದ್ದಳು.

"ಟೀಚರಮ್ಮ, ನಾನು ತಪ್ಪು ಮಾಡ್ಬುಟ್ಟೆ. ನಿಜ ಹೇಳಿದ್ರೆ ಅವ್ನಿಗೆ ಉರೀತದೆ ಅನ್ಕೊಂಡಿದ್ದೆ. ಮದುವೆ ಆದಾಗಿಂದ ನಾನು ಕುಟ್ಟಿ ಕುಟ್ಟಿ ನಿಜ ಹೇಳಿದ್ದೇ ಅಲ್ವಾ? ಅವ್ನಿಗೆ ಅದು ಅಭ್ಯಾಸ ಆಗೋಗೈತೆ. ಜೋಗುಳ ಕೇಳ್ದಂಗೆ ಕೇಳ್ತಾ ಕಣ್ಣು ಮುಚ್ಕತಾನೆ."

"ಅವರು ಹೇಳುತ್ತಿದ್ದ ಮಗುವಿನ ಕತೆಯನ್ನು ಮಾತ್ರ ನೀವು ಒಂದು ದಿನವೂ ಹೇಳಲಿಲ್ಲವಲ್ಲ" ಎಂದೆ ನಾನು. "ಅದು ಆನೆಬಂಡೆಯ ಕತೆ."

"ಅದನ್ನೇನ್ ಹೇಳ್ಲಿ? ಅದ್ರಲ್ಲಿ ಕಿತ್ತಾಕೋದು ಒಂದೇ."

ಆಗ ನನಗೆ ನೆನಪಾಯಿತು. ಮಗುವಿನ ಕತೆಗೆ ಅವಳ ಗಳ ಕೊನೆಯಲ್ಲಿ ಮಾತ್ರ ಕುಟ್ಟುತ್ತಿತ್ತು. ಮಗು ಬಾಯಿ ತೆರೆದು ಪ್ರಶ್ನೆ ಕೇಳಿದಾಗ. ಬಸುರಿಗೆ ಕುಟ್ಟಿರಲಿಲ್ಲ. ತುಂಬಿದ ಹೊಳೆಗೆ ಕುಟ್ಟಿರಲಿಲ್ಲ. ಬಂಡೆಗೆ ಬೆನ್ನು ಕೊಟ್ಟು ನಿಂತವನಿಗೂ ಕುಟ್ಟಿರಲಿಲ್ಲ.

"ಹಾಗಾದರೆ ಉಳಿದದ್ದು?"

"ನಾನೇ ದೋಣೀಲಿದ್ದೆ ಟೀಚರಮ್ಮ. ಮಗು ಹುಟ್ಟಿದ್ದು ನನ್ನ ಮಡ್ಲಲ್ಲಿ. ಹಗ್ಗ ಬರೋಗಂಟ ಮಾವ ನೀರಲ್ಲಿ ನಿಂತಿದ್ದ. ಬಂಡೆ ಉಜ್ಜಿ ಬೆನ್ನಿನ ಚರ್ಮ ಎಲ್ಲಾ ಕಿತ್ಕೊಂಡೋಗಿತ್ತು. ಹೆಗಲ್ ಮ್ಯಾಲೆ ಈಗ್ಲೂ ಗುಳಿ ಐತೆ, ಎಣ್ಣೆ ಹಚ್ಚೋವಾಗ ನನ್ನ ಬೆರಳು ಅದ್ರಲ್ಲಿ ಕೂತ್ಕತದೆ. ಅವ್ನ ಜಲ್ಮದಲ್ಲಿ ಅದೊಂದು ನಿಜ. ಅದ್ರ ಬಾಲಕ್ಕೂ ಒಂದು ಸುಳ್ಳು ಕಟ್ಟಿ ಅದನ್ನೂ ಕೆಡಿಸ್ಕೊಂಡ. ಯಾರೂ ನಂಬ್ಲಿಲ್ಲ."

ಅವಳು ಸ್ವಲ್ಪ ಹೊತ್ತು ಅಂಟನ್ನು ಕಡ್ಡಿಯಿಂದ ತಿರುವಿದಳು. ಆಮೇಲೆ ತಲೆ ಎತ್ತದೆ ಕೇಳಿದಳು.

"ನೀವು ಮಕ್ಳಿಗೆ ಸುಳ್ಳು ಹೇಳ್ತೀರಾ?"

"ಪರೀಕ್ಷೆ ಸುಲಭ ಇರುತ್ತದೆ ಎಂದು ಹೇಳುತ್ತೇನೆ."

"ಹೆಂಗೆ ಹೇಳಾದು? ಗಂಟ್ಲಲ್ಲಿ ಸಿಕ್ಕಾಕ್ಕೊಳಲ್ವಾ?"

"ಅವರು ಹೆದರದೆ ಬರೆಯಲಿ ಅಂತ ಹೇಳುವುದಲ್ಲವೇ. ಸಿಕ್ಕಿಕೊಳ್ಳುವುದಿಲ್ಲ."

ಲಿಂಗಮ್ಮ ಮಡಕೆಯನ್ನು ಒಲೆಯಿಂದ ಇಳಿಸಿದಳು.

ಮಾರನೆಯ ಮಧ್ಯಾಹ್ನ ಅವಳು ಗಂಡನ ಕೈಯನ್ನು ಕಂಬದಿಂದ ಬಿಡಿಸಿದ್ದು ನಾಣಯ್ಯನವರ ಸಹಾಯದಿಂದ. ಅವರು ಅವನ ಒಂದೊಂದೇ ಬೆರಳನ್ನು ಬಿಡಿಸುತ್ತಾ, "ಬಾ ಜವರಯ್ಯ, ನೀನಿಲ್ಲದೆ ದೋಣಿಯಲ್ಲಿ ಎಂಥ ಉಂಟು? ಮರ, ನೀರು, ಬಂಡೆ!" ಎಂದರಂತೆ. ಅಂದು ಅವರೂ ಅವನ ಜೊತೆ ಹೊಸಕೊಪ್ಪಲಿಗೆ ಇಳಿದು ಬಂದಿದ್ದರು. ದೋಣಿ ಹೊರಟಾಗ ಒಳಗಿದ್ದವರು ನಾನು, ನಾಣಯ್ಯನವರು, ಮೈಸೂರು ದಡಕ್ಕೆ ಹೋಗುವ ಇಬ್ಬರು ಹೆಂಗಸರು. ಜವರಯ್ಯ ಕಂಬಳಿಯೊಳಗೆ ಮುದುಡಿ ಮುಂದೆ ಕೂತಿದ್ದ. ಚಿಪ್ಪು ಅವನ ಎಡಗೈಯಲ್ಲಿತ್ತು, ಹಿಡಿದುಕೊಂಡಿದ್ದ ಎನ್ನುವಂತಿರಲಿಲ್ಲ.

ಹೆಂಗಸರು ಇಳಿದರು. ಬಿಸಿಲು ಕೆಂಪಾಯಿತು. ಲಿಂಗಮ್ಮ ಅವತ್ತು ಮರ ತೋರಿಸಲಿಲ್ಲ, ನೀರು ತೋರಿಸಲಿಲ್ಲ, ಊರಿಗೆಲ್ಲ ಕೇಳುವ ಹಾಗೆ ಸುಮ್ಮನೆ ಹೋಯ್ ಹೋಯ್ ಎಂದು ಕೂಗಿಕೊಂಡೇ ದೋಣಿ ಏರಿಸಿದಳು. ಆನೆಬಂಡೆ ಕಂಡಕೂಡಲೇ ಕೂಗು ನಿಲ್ಲಿಸಿ, ಪದ್ಯ ಒಪ್ಪಿಸುವ ಮಗುವಿನ ಹಾಗೆ ಮುಖ ಬಿಗಿಮಾಡಿಕೊಂಡಳು.

"ಇಲ್ಲೇ ನಾಣಯ್ಯನೋರೆ. ಮಖೆ ಮಳೇಲಿ. ಆ ದಡದಲ್ಲಿ ಒಬ್ಳು ಬಸ್ರಿ ನೋವು ತಿಂತಿದ್ಲು. ಯಾರೂ ದೋಣಿ ಇಳಿಸ್ಲಿಲ್ಲ." ಒಂದು ಕ್ಷಣ ತಡೆದಳು. "ನಮ್ಮ ಮಾವನೂ ಇಳಿಸ್ಲಿಲ್ಲ. ಹೆದ್ರಿ ಮನೇಲಿ ಕೂತಿದ್ದ. ಆಗ ಬಂದೋನು ಮಲ್ಲ."

ಜವರಯ್ಯನ ಕಣ್ಣು ತೆರೆಯಿತು.

"ಕೆಳಗಿನ ಕಡವಿನ ಮಲ್ಲ. ಅವ್ನೇ ದೋಣಿ ತಂದ. ದೋಣಿ ಬಂದು ಈ ಬಂಡೆಗೆ ಅಂಟ್ಕತು. ಮಲ್ಲ ಧುಮುಕ್ದ."

ಠಕ್.

ನಾನು ಹಿಂದೆ ತಿರುಗಿ ನೋಡಿದೆ. ಅವಳ ಗಳ ನೀರಿನಲ್ಲಿತ್ತು. ಸದ್ದು ಬಂದದ್ದು ಮುಂದಿನಿಂದ. ಜವರಯ್ಯನ ಎಡಗೈ ಚಿಪ್ಪನ್ನು ಬಿಗಿಯಾಗಿ ಹಿಡಿದಿತ್ತು.

ಲಿಂಗಮ್ಮ ನಿಲ್ಲಿಸಲಿಲ್ಲ. ದನಿ ಇನ್ನೂ ಏರಿಸಿದಳು.

"ಮಲ್ಲ ಬಂಡೆಗೆ ಬೆನ್ನು ಕೊಟ್ಟ."

ಠಕ್.

"ಮಲ್ಲ ದೋಣಿಗೆ ಹೆಗಲು ಕೊಟ್ಟ. ಹಗ್ಗ ಬರೋಗಂಟ ನಿಂತಿದ್ದ. ಮಲ್ಲನಂಥ ಗಂಡಸು ಈ ಹೊಳೇಲಿ ಇನ್ನೊಬ್ಬ ಹುಟ್ಟಿಲ್ಲ."

ಠಕ್, ಠಕ್, ಠಕ್. ಚಿಪ್ಪು ಒಡೆದು ಚೂರು ನೀರಿಗೆ ಹಾರಿತು. ಅವನು ಬರಿಗೈಯಿಂದ ಹಲಗೆ ಗುದ್ದುತ್ತಿದ್ದ. ಸೊಟ್ಟ ತುಟಿ ಅದುರುತ್ತಿತ್ತು. ಕತ್ತಿನ ನರ ಉಬ್ಬಿ ಬಂತು. ನಾಣಯ್ಯನವರು ಅವನತ್ತ ಏಳಲು ಹೊರಟರು. ಲಿಂಗಮ್ಮ ಬೇಡವೆಂದು ಕೈ ಅಡ್ಡ ಹಿಡಿದಳು.

"ಈಗ್ಲೂ ಮಲ್ಲನ ಹೆಗಲ್ ಮ್ಯಾಲೆ ಗುಳಿ ಐತೆ."

"ನಾ..."

ಅದು ಮನುಷ್ಯರ ದನಿಯ ಹಾಗಿರಲಿಲ್ಲ. ತುಕ್ಕು ಹಿಡಿದ ಬಾಗಿಲು ತೆಗೆದ ಹಾಗಿತ್ತು.

"ಯಾರು?" ಎಂದಳು ಲಿಂಗಮ್ಮ. ಕಣ್ಣೀರು ಗಲ್ಲದ ಮೇಲೆ ಇಳಿಯುತ್ತಿತ್ತು. ದನಿ ಮಾತ್ರ ಅದೇ ಜಗಳಗಂಟಿ ದನಿ. "ಯಾರು ಮಾವ? ಕೇಳಿಸ್ಲಿಲ್ಲ. ಮಲ್ಲ ಅಲ್ವಾ?"

"ನಾ... ನು."

"ಇನ್ನೊಂದ್ ಸಲ ಹೇಳು."

"ನಾನು!"

ಲಿಂಗಮ್ಮ ಗಳ ಹಿಡಿದುಕೊಂಡೇ ದೋಣಿಯಲ್ಲಿ ಕುಸಿದು ಕೂತಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಮಾತಾಡುವವರು ಯಾರೂ ಇರಲಿಲ್ಲ. ಎದುರಿಗೆ ಅದೇ ತಿರುವು, ಅದೇ ಕುರುಡು ಬೆಳಕು. ನಾಣಯ್ಯನವರು ಎದ್ದು ನಿಂತು, ಪೆರೇಡಿನಲ್ಲಿ ಕೂಗುವ ಗಂಟಲಲ್ಲಿ ಹೋಯ್ ಎಂದು ಕೂಗಿದರು. ತಿರುವಿನ ಆಚೆಯಿಂದ ಯಾರೋ ಹೋಯ್ ಎಂದರು. ಒಂದು ತೆಪ್ಪ ಮೈಸೂರು ದಡದ ಕಡೆಗೆ ಸರಿದು, ನಮ್ಮನ್ನು ದಾಟಿ ಇಳಿದು ಹೋಯಿತು.

ಲಿಂಗಮ್ಮ ಮುಖ ಒರೆಸಿಕೊಂಡು ಎದ್ದಳು.

"ಮಲ್ಲ ಅಲ್ಲ ನಾಣಯ್ಯನೋರೆ. ಮಲ್ಲ ಮನೇಲಿದ್ದ. ನಿಂತಿದ್ದು ನಮ್ಮ ಮಾವ. ನಾನೇ ನೋಡಿದ್ದೀನಿ, ನಾನು ದೋಣೀಲಿದ್ದೆ. ಇದು ನಿಜ."

ನಾಣಯ್ಯನವರು ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಅಷ್ಟು ವರ್ಷ ಆ ಕತೆಗೆ ಎಲ್ಲರಿಗಿಂತ ಜೋರಾಗಿ ನಕ್ಕವರು ಅವರು. ಸ್ವಲ್ಪ ಹೊತ್ತು ಜವರಯ್ಯನ ಹೆಗಲನ್ನು ನೋಡಿ, ಆಮೇಲೆ ಮೆಲ್ಲಗೆ ಕೇಳಿದರು.

"ಮತ್ತೆ ಮಗು ಎಂಥ ಹೇಳಿತು, ಲಿಂಗಮ್ಮ?"

ಜವರಯ್ಯ ಕಷ್ಟಪಟ್ಟು ಕತ್ತು ತಿರುಗಿಸಿ ಹೆಂಡತಿಯನ್ನು ನೋಡಿದ. ಅವಳೂ ಅವನನ್ನೇ ನೋಡಿದಳು. ಸೂರ್ಯ ಮುಳುಗಿ ಹೊಳೆಯೆಲ್ಲ ಒಂದೇ ಬಣ್ಣವಾಗಿತ್ತು.

"ಇದು ಮೈಸೂರೋ ಕೊಡಗೋ ಅಂತ ಕೇಳ್ತು" ಎಂದಳು ಲಿಂಗಮ್ಮ.

ಹಲಗೆ ಕುಟ್ಟುವ ಸದ್ದಿಗೆ ನಾವು ಕಾದೆವು. ಹಿಂದಿನಿಂದಲೂ ಬರಲಿಲ್ಲ, ಮುಂದಿನಿಂದಲೂ ಬರಲಿಲ್ಲ.